ನಾಲ್ಕನೇ ಮಹಡಿಯಿಂದ ನದಿಗೆ

ಕೆರೆದಂಡೆ
ಮಾರ್ಚ್ 4, ಸೋಮವಾರ

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ನಮಸ್ಕಾರ, ನೀರು ಸರಬರಾಜು ಕಚೇರಿ, ನಿಮ್ಮ ದೂರು ಹೇಳಿ" ಅನ್ನುತ್ತೀ. ಹೋದ ಸಲ ನಾನು ನಿನ್ನ ತಮ್ಮ ಕಣೇ ಎಂದು ಹೇಳಿದ ಮೇಲೂ ಯಾವ ಬಡಾವಣೆ ಎಂದು ಕೇಳಿದೆ. ದಿನವಿಡೀ ಊರವರ ಬೈಗುಳ ಕೇಳಿದ ಕಿವಿಗೆ ಸಂಜೆ ಮತ್ತೆ ಫೋನ್ ಇಡಲು ಮನಸ್ಸಾಗದು ಎಂದು ಗೊತ್ತು. ಇಲ್ಲಿ ನನಗೂ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಕಾಗದವೇ ವಾಸಿ.

ನೇರ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳ ಮೂರನೇ ಶನಿವಾರ, ಭಾನುವಾರ ನೀನೂ ಭಾವನೂ ಇಲ್ಲಿಗೆ ಬರಬೇಕು. ಬರುತ್ತೀರಾ ಎಂದು ಕೇಳುತ್ತಿಲ್ಲ, ಬರಬೇಕು ಎನ್ನುತ್ತಿದ್ದೇನೆ. ಆ ಎರಡು ದಿನ ಬೇರೆ ಪ್ರವಾಸಿಗರಿಗೆ ದೋಣಿ ಕೊಡುವುದಿಲ್ಲ. ಶನಿವಾರ ಬೆಳಿಗ್ಗೆ ಹಳೇ ಸೇತುವೆಯ ಕೆಳಗೆ ದೋಣಿ ಇಳಿಸುತ್ತೇವೆ. ಮೊದಲು ನದಿ ಬಂಡೆಗಳ ಮಧ್ಯೆ ಹುಚ್ಚು ಹಿಡಿದಂತೆ ಓಡುತ್ತದೆ, ಆಮೇಲೆ ತಾನೇ ಸುಸ್ತಾಗಿ ಕೆರೆಗೆ ಬಂದು ಬೀಳುತ್ತದೆ. ಕೆರೆಯ ನಡುವಿನ ದಿಬ್ಬದ ಮೇಲೆ ಡೇರೆ ಹಾಕೋಣ. ಭಾನುವಾರ ಆಚೆ ದಂಡೆಯ ಬಂಡೆ ಹತ್ತಿ ಸುತ್ತಲಿನ ನೀರನ್ನೆಲ್ಲ ನೋಡಿಕೊಂಡು ಇಳಿದರೆ ಮುಗಿಯಿತು. ನನ್ನ ಜೊತೆ ದೋಣಿ ನಡೆಸುವ ಹೆಂಗಸಿದ್ದಾಳೆ. ಬಂದವರಿಗೆಲ್ಲ ಅಪ್ಪಣೆ ಮಾಡುವುದರಿಂದ ಅವಳಿಗೆ ಕ್ಯಾಪ್ಟನ್ ಎಂದೇ ಹೆಸರು. ಅವಳೂ ಬರುತ್ತಾಳೆ.

ನನಗೆ ಈಜು ಕಲಿಸಿದ್ದು ಭಾವ. ನಿಮ್ಮ ಮದುವೆಯಾದ ಹೊಸದರಲ್ಲಿ ನನ್ನನ್ನು ನೀರಿಗೆ ಎಸೆದು "ಬಾ ನೋಡಣ" ಎಂದು ದಂಡೆಯಲ್ಲಿ ಕೂತು ನಕ್ಕಿದ್ದರಲ್ಲ, ಅವತ್ತಿನಿಂದ ನಾನು ನೀರು ಬಿಟ್ಟು ಬಂದಿಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಅವರು ನೀರು ಕಂಡಿರುವುದು ಬಕೆಟ್ಟಿನಲ್ಲಿ ಮಾತ್ರ. ಅವರಿಗೆ ನದಿ ತೋರಿಸಬೇಕು ಎಂದು ನನಗೆ ಬಹಳ ಆಸೆ.

ಕಪ್ಪೆ


ಮನೆ
ಮಾರ್ಚ್ 13

ಕಪ್ಪೆರಾಯಾ,

ಊಟದ ಬಿಡುವಿನಲ್ಲಿ ನಿನ್ನ ಕಾಗದ ಓದಿದೆ. ಬಂಡೆ, ದಿಬ್ಬ, ಡೇರೆ ಎಂದೆಲ್ಲ ಬರುವಲ್ಲಿ ಇನ್ನೊಮ್ಮೆ ಓದಿದೆ. ಪಕ್ಕದ ಸೀಟಿನವಳು "ಏನ್ರೀ, ಪ್ರೇಮಪತ್ರನಾ?" ಎಂದಳು. ಹೌದು ಎಂದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನ ಪಾಲಿಗೆ ನೀರೆಲ್ಲ ಬಂತು, ಇನ್ನೊಬ್ಬಳ ಪಾಲಿಗೆ ನಲ್ಲಿಯಲ್ಲಿ ನೀರಿಲ್ಲ ಎನ್ನುವವರೆಲ್ಲ ಬಂದರು. ಪಾಲು ಮಾಡಿದವರು ಸಿಕ್ಕರೆ ವಿಚಾರಿಸಿಕೊಳ್ಳಬೇಕು.

ಇವರು ಇದ್ದ ಹಾಗೇ ಇದ್ದಾರೆ. ಬಲಗೈ, ಬಲಗಾಲು ಹಾಗೇ ಇವೆ. ಮಾತು ಅರ್ಧ ಬರುತ್ತದೆ, ಉಳಿದರ್ಧ ಸಿಟ್ಟಾಗಿ ಬರುತ್ತದೆ. ನಮ್ಮ ಕಟ್ಟಡದ ಲಿಫ್ಟು ಮತ್ತೆ ಕೆಟ್ಟಿದೆ. ಊರಿನ ಎಷ್ಟೋ ಲಿಫ್ಟುಗಳಿಗೆ ಜೀವ ಕೊಟ್ಟ ಮೆಕ್ಯಾನಿಕ್ಕು ನಾಲ್ಕನೇ ಮಹಡಿಯಲ್ಲಿ ಮಲಗಿ ಅದರ ಗೊರಗೊರ ಕೇಳುತ್ತಾರೆ. ಏನು ಹೋಗಿದೆ ಎಂದು ಅವರಿಗೆ ಗೊತ್ತು. ಹೇಳಲು ಬಾಯಿಲ್ಲ, ಕೇಳಲು ಜನವಿಲ್ಲ.

ನೀನು ಕರೆದದ್ದು ಸಂತೋಷ. ಆದರೆ ಲಿಫ್ಟಿಲ್ಲದೆ ಇವರನ್ನು ಇಳಿಸುವುದು ಹೇಗೆ? ಬಸ್ಸಿನಲ್ಲಿ ಅಷ್ಟು ದೂರ ಕೂರುವುದೂ ಕಷ್ಟ. ಇದನ್ನೆಲ್ಲ ನೀನು ಯೋಚಿಸಬೇಕು.

ಅಂದಹಾಗೆ ನಿಮ್ಮಲ್ಲಿ ಒಬ್ಬರೇ ಕೂರುವ ದೋಣಿಯೂ ಇರುತ್ತದೆಯೇ? ಸುಮ್ಮನೆ ಕೇಳಿದೆ.

ಅಕ್ಕ


ಕೆರೆದಂಡೆ
ಮಾರ್ಚ್ 22

ಅಕ್ಕಾ,

ಯೋಚಿಸಿದೆ! ದೋಣಿ ಎತ್ತುವ ನಮ್ಮ ಗೆಳೆಯರಿಬ್ಬರು ಶುಕ್ರವಾರ ಸಂಜೆಯೇ ವ್ಯಾನ್ ತರುತ್ತಾರೆ. ಭಾವನನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿ, ವ್ಯಾನಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಬರುತ್ತಾರೆ. ಬಸ್ಸಿನ ಮಾತೇ ಇಲ್ಲ.

ಒಬ್ಬರೇ ಕೂರುವ ದೋಣಿ ಇದೆ, ಆದರೆ ಭಾವನಿಗೆ ಅದು ಆಗಿಬರುವುದಿಲ್ಲ ಅಕ್ಕ. ಅದಕ್ಕೇ ಅಗಲದ ದೋಣಿ ತೆಗೆದಿದ್ದೇನೆ. ಅದರ ನಡುವೆ ಒರಗುವ ಕುರ್ಚಿ ಕೂರಿಸಿ, ಎದೆಗೆ, ಸೊಂಟಕ್ಕೆ ಪಟ್ಟಿ ಹಾಕಿದ್ದೇನೆ. ಮೊನ್ನೆ ಪರೀಕ್ಷೆಗೆಂದು ಕ್ಯಾಪ್ಟನ್ ನನ್ನನ್ನೇ ಅದರಲ್ಲಿ ಬಿಗಿದು, ಬಲಗೈ ಕಟ್ಟಿಹಾಕಿ, ಬಾಯಿ ಬಿಟ್ಟರೆ ನೋಡು ಎಂದು ಕೆರೆಯೆಲ್ಲ ಸುತ್ತಿಸಿದಳು. ದಂಡೆಯ ಜನ ನನ್ನನ್ನು ಪೊಲೀಸಿಗೆ ಒಪ್ಪಿಸಲು ಒಯ್ಯುತ್ತಿದ್ದಾಳೆ ಎಂದುಕೊಂಡರು. ಕುರ್ಚಿ ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

ಇನ್ನೇನಾದರೂ ತೊಂದರೆ ಇದ್ದರೆ ಬರೆ. ಬಂದವರು ದಂಡೆಯಲ್ಲಿ ನಿಂತು ಹೇಳುವ ನೆಪಗಳನ್ನು ಒಂದೊಂದಾಗಿ ಬಿಡಿಸಿ ಅವರನ್ನು ದೋಣಿ ಹತ್ತಿಸುವುದೇ ನನ್ನ ಕಸುಬು. ಇಲ್ಲಿಯವರೆಗೆ ಯಾರೂ ನನ್ನ ಕೈಯಿಂದ ತಪ್ಪಿಸಿಕೊಂಡು ಹೋಗಿಲ್ಲ.

ಕಪ್ಪೆ


ಮನೆ
ಏಪ್ರಿಲ್ 5

ತಮ್ಮಾ,

ತಡವಾಯಿತು. ಬೇಸಿಗೆ ಬಂತಲ್ಲ, ಕಚೇರಿಯಲ್ಲಿ ಫೋನ್ ಇಟ್ಟ ಕೈಗೆ ಇನ್ನೊಂದು ಬರುತ್ತದೆ.

ಕುರ್ಚಿ ಒಳ್ಳೆಯದೇ. ಆದರೆ ಇವರಿಗೆ ಈಗ ಊಟ ನುಂಗುವುದು ಕಷ್ಟ. ಎಲ್ಲವನ್ನೂ ನುಣ್ಣಗೆ ಅರೆದು ಚಮಚದಲ್ಲಿ ಕೊಡಬೇಕು, ಅವಸರ ಮಾಡಿದರೆ ಗಂಟಲಿಗೆ ಸಿಕ್ಕುತ್ತದೆ. ಬಿಸಿಲಿಗೆ ತಲೆ ತಿರುಗುತ್ತದೆ. ಆಮೇಲೆ ಬಚ್ಚಲಿನ ವಿಷಯ. ದಿಬ್ಬದ ಮೇಲೆ ಅದೆಲ್ಲ ಹೇಗೆ ಎಂದು ನೀನೇ ನೋಡು. ಹೊಸ ಜಾಗವೆಂದರೆ ಇವರು ಹೆದರುತ್ತಾರೆ. ಮೊನ್ನೆ ಮಂಚವನ್ನು ಕಿಟಕಿಯ ಕಡೆ ತಿರುಗಿಸಿದ್ದಕ್ಕೇ ಸಂಜೆಯವರೆಗೂ ಅತ್ತರು.

ಇಷ್ಟೆಲ್ಲ ಇದೆ. ನಿನಗೇ ಗೊತ್ತಾಗುತ್ತದೆ ಎಂದುಕೊಂಡಿದ್ದೇನೆ.

ಅಕ್ಕ


ಕೆರೆದಂಡೆ
ಏಪ್ರಿಲ್ 12

ಅಕ್ಕಾ,

ಗೊತ್ತಾಯಿತು, ಮಾಡಿಯೂ ಆಯಿತು. ಕುರ್ಚಿಯ ಮೇಲೆ ಬಟ್ಟೆಯ ಚಪ್ಪರ ಹಾಕಿದ್ದೇನೆ. ಅರೆಯುವುದಕ್ಕೆ ಕ್ಯಾಪ್ಟನ್ ತನ್ನ ಮಿಕ್ಸಿ ಕೊಡುತ್ತಾಳೆ. ಕೈಯಲ್ಲಿ ತಿರುಗಿಸುವ ಅಂಥದೊಂದು ಸಾಮಾನು ಅವಳಲ್ಲಿದೆ, ಕರೆಂಟು ಬೇಕಿಲ್ಲ. ದಿಬ್ಬದ ಮೇಲೆ ಬೇರೆಯದೇ ಸಣ್ಣ ಡೇರೆ ಹಾಕಿ, ಅಗಲದ ಬಾಗಿಲಿಟ್ಟು, ಒಳಗೆ ಕಮೋಡು ಕುರ್ಚಿ. ಹೊಸ ಜಾಗದ ಭಯಕ್ಕೂ ಮದ್ದಿದೆ. ನದಿಯ ಜೋರಾದ ಭಾಗವನ್ನೇ ಕೈಬಿಟ್ಟಿದ್ದೇನೆ. ಎರಡು ದಿನವೂ ಕೆರೆಯಲ್ಲೇ, ತೊಟ್ಟಿಲಲ್ಲಿಟ್ಟ ಹಾಗೆ. ಬಂಡೆ ಹತ್ತುವುದೂ ಬೇಡ. ನೀನು ಭಾವನ ಪಕ್ಕದಲ್ಲೇ ಕೂತು ಅವರಿಗೆ ಚಮಚದಲ್ಲಿ ಕೊಡುತ್ತಾ ಹಾಯಾಗಿ ಇರಬಹುದು.

ಒಂದು ಮಾತು ಕೇಳಲೇ? ನಿನ್ನ ಕಾಗದ ಬರಬರುತ್ತಾ ಡಾಕ್ಟರ ಚೀಟಿಯ ಹಾಗಾಗುತ್ತಿದೆ. ಮೊದಲಿನ ಉತ್ಸಾಹ ಕಾಣುತ್ತಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವೇ? ಮುಳುಗಿದವರನ್ನು ಮೇಲೆ ಎಳೆದಿರುವ ಕೈ ಇದು. ಭಾವನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತೇನೆ.

ಕಪ್ಪೆ


ಮನೆ
ಏಪ್ರಿಲ್ 19

ತಮ್ಮಾ,

ಕಚೇರಿಯಲ್ಲಿ ರಜೆ ಕೊಡಲಿಲ್ಲ. ಬೇಸಿಗೆ ಮುಗಿಯುವವರೆಗೆ ಶನಿವಾರವೂ ಕೆಲಸವಂತೆ. ಇನ್ನೊಮ್ಮೆ ನೋಡೋಣ. ನೀನು ಬೇಸರ ಮಾಡಿಕೊಳ್ಳಬೇಡ.

ಅಕ್ಕ


ಕೆರೆದಂಡೆ
ಏಪ್ರಿಲ್ 25

ಅಕ್ಕ,

ನಿನ್ನ ಸಾಹೇಬರ ಕೈಕಾಲು ಹಿಡಿದಾದರೂ ರಜೆ ಕೇಳೋಣ ಎಂದು ಗುಡ್ಡ ಹತ್ತಿ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಪಕ್ಕದ ಸೀಟಿನವಳೇ ಎತ್ತಿದ್ದು ಎಂದು ಕಾಣುತ್ತದೆ. "ಅವರ ರಜೆ ಹೋದ ತಿಂಗಳೇ ಮಂಜೂರಾಯ್ತಲ್ಲ, ಶನಿವಾರ ಭಾನುವಾರ ಹೇಗೂ ಬಿಡುವು, ಅದರ ಜೊತೆಗೆ ಸೋಮವಾರನೂ. ನದಿ ನೋಡಕ್ಕೆ ಹೋಗ್ತಾರಂತೆ, ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದಾರೆ" ಎಂದಳು.

ನದಿ ನೋಡಲು ರಜೆ ಸಿಕ್ಕಿದೆ, ನನ್ನ ನದಿಗೆ ಮಾತ್ರ ಸಿಕ್ಕಿಲ್ಲ. ಸುಳ್ಳು ಯಾಕೆ ಹೇಳಬೇಕಿತ್ತು? ನಮ್ಮ ಗುಡಿಸಲಲ್ಲಿ ಭಾವನನ್ನು ಮಲಗಿಸಲು ನಿನಗೆ ಇಷ್ಟವಿಲ್ಲ ಎಂದರೆ ನೆಟ್ಟಗೆ ಹೇಳಬಹುದಿತ್ತು. ಕುರ್ಚಿ ಬಿಚ್ಚಿ ಇಡುತ್ತಿದ್ದೇನೆ.


ಮನೆ
ಏಪ್ರಿಲ್ 30

ತಮ್ಮಾ,

ನಿನ್ನ ಹೆಸರು ಹಾಕುವಷ್ಟೂ ಮನಸ್ಸಿರಲಿಲ್ಲವಲ್ಲ ಆ ಕಾಗದಕ್ಕೆ. ಆಗಲಿ.

ನಮ್ಮ ಕಚೇರಿಯಲ್ಲಿ ಫೋನ್ ಮಾಡಿದವರಿಗೆ ಆಗುವುದಿಲ್ಲ ಎನ್ನುವಂತಿಲ್ಲ. ತೊಂದರೆಗಳನ್ನು ಒಂದಾದ ಮೇಲೊಂದು ಹೇಳುತ್ತಾ ಹೋಗಬೇಕು, ಪೈಪು ಒಡೆದಿದೆ, ಪಂಪು ಕೆಟ್ಟಿದೆ, ಕೆಲಸದವರಿಲ್ಲ ಎಂದು. ಆ ಕಡೆಯವರೇ ಬೇಸತ್ತು ಫೋನ್ ಇಟ್ಟುಬಿಡುತ್ತಾರೆ. ಇಷ್ಟು ವರ್ಷ ಅದೇ ಮಾಡಿ ನನಗೆ ಬೇರೆ ಭಾಷೆಯೇ ಮರೆತುಹೋಗಿದೆ. ನಿನ್ನ ಹತ್ತಿರವೂ ಅದನ್ನೇ ಮಾಡಿದೆ. ಇವರು ಬರುವುದು ಕಷ್ಟ, ನೀನೊಬ್ಬಳೇ ಬಾ ಅಕ್ಕ ಎಂದು ನಿನ್ನ ಬಾಯಿಂದಲೇ ಬರಲಿ ಎಂದು ಕಾದೆ. ನೀನು ಇಡಲೇ ಇಲ್ಲ. ಚಪ್ಪರ ಹಾಕಿದೆ, ಡೇರೆ ಹೊಲಿದೆ, ಮಿಕ್ಸಿ ತಂದೆ. ಕೊನೆಗೆ ನದಿಯನ್ನೂ ಬಂಡೆಯನ್ನೂ ತೆಗೆದುಹಾಕಿ ನಾನು ಇಲ್ಲಿ ಮಾಡುವ ಕೆಲಸವನ್ನೇ ನೀರಿನ ಮೇಲೆ ಮಾಡಬಹುದು ಎಂದು ಬರೆದೆ. ಅದಕ್ಕೆ ಹಾಯಾಗಿ ಎಂಬ ಮಾತು ಬೇರೆ.

ನಾನು ಇವರಿಲ್ಲದೆ ಬರಬೇಕು. ನಾನೊಬ್ಬಳೇ. ಬರೆದೇಬಿಟ್ಟೆ ನೋಡು.

ಹಗಲು ಇವರನ್ನು ನೋಡಿಕೊಳ್ಳುವಾಕೆ ವಾರದ ಐದು ದಿನ ಬರುತ್ತಾಳೆ. ಆ ಐದು ದಿನ ನಾನು ಬೈಸಿಕೊಳ್ಳುವುದು ಅಪರಿಚಿತರಿಂದ. ಶನಿವಾರ, ಭಾನುವಾರ ಮನೆಯವರಿಂದ. ಉಣಿಸುವುದು, ಒರೆಸುವುದು, ಹೊರಳಿಸುವುದು, ಬಟ್ಟೆ ಬದಲಿಸುವುದು, ಅದು ಮುಗಿಯುವಷ್ಟರಲ್ಲಿ ಮತ್ತೆ ಉಣಿಸುವುದು. ಇವರ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಇದೆ. ಅದನ್ನು ಹೀಗೆ ಬರೆದು ತಿಳಿಸಬೇಕಾಗಿ ಬಂದದ್ದಕ್ಕೆ ಅಳು ಬರುತ್ತದೆ. ಆದರೆ ದಣಿದಿದ್ದೇನೆ ಕಣೋ. ಕೆಲವು ಸಂಜೆ ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದರೂ ಇಳಿಯುವುದಿಲ್ಲ. ಕಿಟಕಿಗೆ ತಲೆ ಆನಿಸಿಕೊಂಡು ಕೊನೆಯವರೆಗೂ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಕಂಡಕ್ಟರಿಗೆ ಈಗ ಅಭ್ಯಾಸವಾಗಿದೆ, ಎಬ್ಬಿಸುವುದಿಲ್ಲ. ನನ್ನ ಪ್ರವಾಸ ಅಷ್ಟೇ.

ಎಲ್ಲರೂ ಅವರು ಹೇಗಿದ್ದಾರೆ ಎಂದು ಕೇಳುತ್ತಾರೆ. ನೀನೂ ಅವರ ಬಗ್ಗೆಯೇ ಬರೆದೆ. ತಪ್ಪೇನಿಲ್ಲ. ಆ ಎರಡು ದಿನಕ್ಕೆ ಸಂಬಳ ಕೊಟ್ಟು ಯಾರನ್ನಾದರೂ ಇರಿಸೋಣವೆಂದು ವಿಚಾರಿಸಿದ್ದೆ. ಇಬ್ಬರು ಬಂದು ಇವರನ್ನು ನೋಡಿ ಆಗುವುದಿಲ್ಲ ಎಂದು ಹೋದರು. ಹಾಗಾಗಿ ಒಬ್ಬಳೇ ಬರುವ ದಾರಿಯೂ ಇಲ್ಲ. ಕುರ್ಚಿ ಬಿಚ್ಚಿದ್ದು ಸರಿಯಾಯಿತು.

ಗಂಡನನ್ನು ಬಿಟ್ಟು ವಿಹಾರಕ್ಕೆ ಹೋಗಲು ಹೊರಟವಳು ಎಂದು ನೀನು ಅಂದುಕೊಳ್ಳಬಹುದು. ಅಂದುಕೋ.

ಅಕ್ಕ


ಕೆರೆದಂಡೆ
ಮೇ 13

ಅಕ್ಕಾ,

ಇಷ್ಟು ದಿನ ಬರೆಯದೆ ಕೂತದ್ದು ಸಿಟ್ಟಿನಿಂದ. ಭಾವನ ಪರವಾಗಿ ಸಿಟ್ಟು ಮಾಡಿಕೊಂಡಿದ್ದೆ. ನಿನ್ನ ಕಾಗದವನ್ನು ಕ್ಯಾಪ್ಟನ್‌ಗೆ ಓದಿ ಹೇಳಿದೆ, ಅವಳೂ ನನ್ನ ಕಡೆ ಸೇರುತ್ತಾಳೆಂದು. ಅವಳು ದೋಣಿಗೆ ಬಣ್ಣ ಬಳಿಯುತ್ತಿದ್ದಳು.

"ಕೊನೇ ಸಲ ಅವ್ರ ಮನೇಗೆ ಯಾವಾಗ ಹೋಗಿದ್ದೆ?" ಎಂದಳು.

"ಆಸ್ಪತ್ರೇಲಿ ನೋಡಿದ್ನಲ್ಲ."

"ಮನೇಗೆ ಅಂತ ಕೇಳ್ದೆ."

ಅವಳು ಬ್ರಷ್ ಕೆಳಗಿಡದೆ ಹೇಳಿದಳು: "ಅವ್ರನ್ನ ಹೊತ್ಕೊಂಡ್ ಬರಕ್ಕೆ ಎರಡು ತಿಂಗಳು ಕಷ್ಟಪಟ್ಟೆ. ನೀನು ಹೋಗಿದ್ರೆ ಬಸ್ ಟಿಕೇಟಲ್ಲಿ ಮುಗೀತಿತ್ತು."

ನಿಜ ಅಕ್ಕ. ಭಾವನನ್ನು ಆ ಮಂಚದ ಮೇಲೆ ನೋಡಲು ನನಗೆ ಭಯ. ಇಲ್ಲಿ ನೀರಿನ ನಡುವೆ ಕೂರಿಸಿದರೆ ಮೊದಲಿನ ಭಾವನ ಹಾಗೇ ಕಾಣುತ್ತಾರೆ ಎಂದುಕೊಂಡಿದ್ದೆ. ಅದು ನನ್ನ ಆಸೆಯೇ ಹೊರತು ಅವರದೂ ಅಲ್ಲ, ನಿನ್ನದೂ ಅಲ್ಲ.

ಶುಕ್ರವಾರ ಮಧ್ಯಾಹ್ನಕ್ಕೆ ನಾನು ನಿನ್ನ ಮನೆಯಲ್ಲಿರುತ್ತೇನೆ. ಏನೇನು ಮಾಡಬೇಕೆಂದು ಸಂಜೆ ತೋರಿಸಿಕೊಡು. ಶನಿವಾರದ ಮೊದಲ ಬಸ್ಸಿಗೆ ನೀನು ಹೊರಡು, ನಿಲ್ದಾಣಕ್ಕೆ ಕ್ಯಾಪ್ಟನ್ ಬರುತ್ತಾಳೆ. ಅವಳು ಹೇಳಿದ್ದಕ್ಕೆಲ್ಲ ಹೂಂ ಎನ್ನು, ಎದುರು ಮಾತಾಡಿದರೆ ನೀರಿಗೆ ತಳ್ಳುತ್ತಾಳೆ. ಆ ಬಸ್ಸಿನ ಡ್ರೈವರು ನಮ್ಮವನೇ. ಏನಾದರೂ ತಿಳಿಸಬೇಕೆಂದರೆ ಅವನ ಕೈಯಲ್ಲಿ ಚೀಟಿ ಕೊಡುತ್ತೇನೆ. ಭಾವನ ಯೋಚನೆ ಬಿಡು. ಎರಡು ದಿನ ತಾನೇ, ಹೂ ಎತ್ತಿದ ಹಾಗೆ.

ನಾವಿಬ್ಬರೂ ಸೇರಿ ದೋಣಿಯಲ್ಲಿ ಹೋಗುವುದು ಈ ಸಲವೂ ಆಗುವುದಿಲ್ಲ, ಅದೊಂದು ಬೇಸರ.

ಕಪ್ಪೆ


ನಿನ್ನ ಮನೆ
ಮೇ 18, ಶನಿವಾರ ಸಂಜೆ

ಅಕ್ಕಾ,

ಭಾವನಿಗೆ ಈಗ ಸ್ವಲ್ಪ ಜೊಂಪು ಹತ್ತಿದೆ. ನಿನ್ನ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಡ್ರೈವರು ಸಂಜೆಯ ಬಸ್ಸಿಗೆ ಹೋಗುವಾಗ ಕೊಡುತ್ತೇನೆ, ನಿನಗೆ ಬೆಳಿಗ್ಗೆ ಸಿಗುತ್ತದೆ.

ಬೆಳಿಗ್ಗೆ ನೀನು ಹೋದ ಮೇಲೆ ಬಾಗಿಲ ಕಡೆ ತಿರುಗಿದವರು ಮಧ್ಯಾಹ್ನದವರೆಗೂ ಈ ಕಡೆ ನೋಡಲಿಲ್ಲ. ಊಟ ಕೊಡಲು ಹೋದೆ. ಚಮಚ ಬಾಯಿಗೆ ತಾಗಿದ್ದೇ ತಡ, ಬೆಚ್ಚಿಬಿದ್ದು ಎಡಗೈಯಿಂದ ಬಟ್ಟಲು ಹಾರಿಸಿದರು. ಗೋಡೆ, ನನ್ನ ಅಂಗಿ, ಹಾಸಿಗೆ ಎಲ್ಲ ಊಟವಾಯಿತು. ಇನ್ನೊಮ್ಮೆ ಅರೆದು ತಂದೆ, ಮತ್ತೆ ಹಾಗೇ ಮಾಡಿದರು. ನಾನು ಕೂಗಿಬಿಟ್ಟೆ ಅಕ್ಕ. ಭಾವನ ಮೇಲೆ ನಾನು ಕೂಗಿದೆ. ಅವರು ನನ್ನನ್ನೇ ನೋಡುತ್ತಾ ಬಾಯಿ ಬಿಟ್ಟರು, ತಿನ್ನುವುದಕ್ಕಲ್ಲ, ಏನೋ ಹೇಳುವುದಕ್ಕೆ. ಏನೂ ಬರಲಿಲ್ಲ.

ನದಿಯಲ್ಲಿ ಎಂತೆಂಥ ದಾಂಡಿಗರನ್ನು ಎಳೆದು ದೋಣಿಗೆ ಹಾಕಿದವನು ನಾನು. ಹಾಸಿಗೆ ಬದಲಿಸಲು ಇವರನ್ನು ಹೊರಳಿಸಲು ಹೋದರೆ ನನ್ನ ಸೊಂಟ ಹಿಡಿದುಕೊಂಡಿತು. ಇವರು ನೋವಿಗೆ ಚೀರಿದರು. ಕೆಳಗಿನ ಮನೆಯವರು ಬಂದು ಏನಾಯಿತು ಎಂದು ಕೇಳಿದರು. ಮಧ್ಯಾಹ್ನದಿಂದ ಅಳು. ನಿನ್ನನ್ನೇ ಕೇಳುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ. ಸಮಾಧಾನ ಮಾಡಲು ಹೋಗಿ ನಾನೂ ಅತ್ತೆ. ಇಬ್ಬರು ಗಂಡಸರು ಕೂತು ಅಳುತ್ತಿದ್ದೆವು ಎಂದರೆ ನೀನು ನಗುತ್ತೀ.

ಆಸ್ಪತ್ರೆಗೆ ಹೋಗುವಂಥದ್ದು ಏನೂ ಇಲ್ಲ. ಜ್ವರವಿಲ್ಲ, ಸಂಜೆ ಹಣ್ಣಿನ ತಿರುಳು ಅಷ್ಟಿಷ್ಟು ಹೋಯಿತು. ಆದರೆ ನನ್ನ ಕೈಲಾಗುತ್ತಿಲ್ಲ. ದೊಡ್ಡ ಮಾತಾಡಿ ಒಂದು ದಿನಕ್ಕೇ ಹೀಗಾದದ್ದಕ್ಕೆ ಬೈಯಿ, ಎಷ್ಟು ಬೇಕಾದರೂ ಬೈಯಿ. ಭಾನುವಾರ ಬೆಳಗಿನ ಬಸ್ಸಿಗೆ ಬಂದುಬಿಡು ಅಕ್ಕ. ಮುಂದಿನ ಸಲ ಬೇಕಾದರೆ ವಾರವೇ ಇರುವೆಯಂತೆ.

ಕಪ್ಪೆ


ಕೆರೆದಂಡೆ, ನಿನ್ನ ಮನೆ
ಮೇ 19, ಭಾನುವಾರ ಬೆಳಿಗ್ಗೆ

ಪುಟ್ಟಾ,

ಡ್ರೈವರು ಕೊಟ್ಟ ಚೀಟಿಯನ್ನು ಕ್ಯಾಪ್ಟನ್ ತಂದಳು. ಮೆಟ್ಟಿಲ ಮೇಲೆ ನಿಂತೇ ಓದಿದೆ. ಓದಿ ಮುಗಿಯುವಷ್ಟರಲ್ಲಿ ಒಳಗೆ ಹೋಗಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದೆ. ಕೈಗಳು ನನ್ನನ್ನು ಕೇಳಲೇ ಇಲ್ಲ. ಕ್ಯಾಪ್ಟನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಚೀಲದ ಪಕ್ಕದಲ್ಲಿ ಸುಮಾರು ಹೊತ್ತು ಕೂತಿದ್ದೆ.

ನಿನ್ನೆ ನಾನು ನದಿ ನೋಡಲಿಲ್ಲ. ಬಂದು, ಕಾಫಿ ಕುಡಿದು, ದೋಣಿ ಸಿದ್ಧವಾಗುವವರೆಗೆ ಎಂದು ನಿನ್ನ ಜಗಲಿಯ ಚಾಪೆಯ ಮೇಲೆ ಒರಗಿದವಳು ಎದ್ದಾಗ ಬಿಸಿಲು ಹೋಗಿತ್ತು. ನನಗೆ ಯಾರೋ ಹೊದಿಕೆ ಹೊದಿಸಿದ್ದರು. ಎಬ್ಬಿಸಬಾರದಿತ್ತೇ ಎಂದರೆ ಕ್ಯಾಪ್ಟನ್ "ನದಿ ಎಲ್ಲೂ ಓಡೋಗಲ್ಲ" ಎಂದಳು. ಉಂಡು ಮತ್ತೆ ಮಲಗಿದೆ. ನಡುವೆ ಯಾರ ಉಸಿರನ್ನೂ ಕೇಳಿಸಿಕೊಳ್ಳಲು ಏಳದೆ ಮಲಗಿ ಎಷ್ಟು ಕಾಲವಾಗಿತ್ತೋ.

ಈಗ ಕೇಳು. ಇವರಿಗೆ ಬಲಗಡೆ ಕಣ್ಣು ಕಾಣುವುದಿಲ್ಲ. ಹೇಳಲು ಮರೆತೆ, ನನಗೆ ಅದು ಎಷ್ಟು ರೂಢಿಯಾಗಿದೆಯೆಂದರೆ ಹೇಳಬೇಕಾದ ವಿಷಯ ಎಂದೇ ತೋಚಲಿಲ್ಲ. ನೀನು ಬಲಕ್ಕೆ ಕೂತು ಚಮಚ ತಂದಿದ್ದೀ, ಅದು ಎಲ್ಲಿಂದಲೋ ಬಂದು ಬಾಯಿಗೆ ಬಡಿದಂತಾಗಿದೆ. ಯಾರಾದರೂ ಬೆಚ್ಚುತ್ತಾರೆ. ಎಡಕ್ಕೆ ಕೂರು, ಬಟ್ಟಲು ತೋರಿಸು, ಆಮೇಲೆ ಕೊಡು. ಹೊರಳಿಸುವಾಗ ತೋಳು ಹಿಡಿದು ಎಳೆಯಬೇಡ. ಮೊದಲು ಮೊಣಕಾಲು ಮಡಿಸು, ಸೊಂಟದಿಂದ ನಿನ್ನ ಕಡೆ ತಿರುಗಿಸು, ಮೈ ತಾನೇ ಹಿಂದೆ ಬರುತ್ತದೆ. ನಿನ್ನ ಸೊಂಟಕ್ಕೆ ಬಿಸಿನೀರಿನ ಚೀಲ ಬೀರುವಿನ ಕೆಳಗಿದೆ.

ಮಧ್ಯಾಹ್ನದ ಅಳು ನಾನಿದ್ದರೂ ಇರುತ್ತದೆ. ನನ್ನನ್ನು ಕೇಳುತ್ತಿದ್ದಾರೆ ಎಂದು ನೀನು ಬರೆದದ್ದು ಓದಿ ಒಂದು ಗಳಿಗೆ ಹಿಗ್ಗಿದೆ, ಆದರೆ ನನ್ನ ಎದುರಿಗೂ ಅವರು ಹಾಗೇ ಅಳುತ್ತಾರೆ. ಸಮಾಧಾನ ಹೇಳಬೇಡ. ಎಡಗೈ ಹಿಡಿದುಕೊಂಡು ಸುಮ್ಮನೆ ಕೂತಿರು. ನೀನು ಕೂಗಿದ್ದಕ್ಕೆ ಕೊರಗಬೇಡ. ನಾನೂ ಕೂಗುತ್ತೇನೆ. ಆಮೇಲೆ ತಪ್ಪಾಯಿತು ಎನ್ನುತ್ತೇನೆ, ಅವರು ಮುಖ ತಿರುಗಿಸುತ್ತಾರೆ, ದೀಪ ಹಚ್ಚುವ ಹೊತ್ತಿಗೆ ರಾಜಿಯಾಗುತ್ತದೆ. ನಿನಗೂ ಆಗುತ್ತದೆ. ಸೋಮವಾರ ಬೆಳಿಗ್ಗೆ ನೋಡಿಕೊಳ್ಳುವಾಕೆ ಬರುತ್ತಾಳೆ, ಆಗ ನೀನು ಮಲಗು.

ನಿನ್ನನ್ನು ಬೈಯುವುದಿಲ್ಲ. ನೀನು ಅತ್ತೆ ಎಂದು ಓದಿ ನನಗೂ ಅಳು ಬಂತು. ಚಿಕ್ಕವನಿದ್ದಾಗ ನೀನು ಅತ್ತರೆ ನಾನು ಇದ್ದಲ್ಲಿಂದ ಓಡಿ ಬರುತ್ತಿದ್ದೆ, ಈಗಲೂ ಕಾಲು ಓಡಲು ನೋಡುತ್ತಿದೆ. ಆದರೂ ಬರುವುದಿಲ್ಲ ಪುಟ್ಟ. ಆಗುವುದಿಲ್ಲ ಎಂದೇ ಹೇಳುತ್ತಿದ್ದೇನೆ, ಕಾರಣವೇನೂ ಕೊಡುವುದಿಲ್ಲ. ಬಟ್ಟೆಗಳನ್ನು ಚೀಲದಿಂದ ತೆಗೆದು ನಿನ್ನ ಗೂಟಕ್ಕೆ ತೂಗುಹಾಕಿದ್ದೇನೆ.

ಡ್ರೈವರು ಬಸ್ಸು ತಿರುಗಿಸುತ್ತಿದ್ದಾನೆ, ಇದನ್ನು ಅವನ ಕೈಗೆ ಕೊಡಬೇಕು. ಕ್ಯಾಪ್ಟನ್ ಸೇತುವೆಯ ಹತ್ತಿರ ಹೋಗಿ ಕಾಯುತ್ತಿದ್ದಾಳೆ, ಬಂಡೆಗಳಿರುವ ಕಡೆಯಿಂದಲೇ ಇಳಿಯೋಣ ಎಂದು ನಾನೇ ಹೇಳಿದ್ದೇನೆ. ಸೋಮವಾರ ಸಂಜೆಯ ಬಸ್ಸಿಗೆ ಬರುತ್ತೇನೆ, ಅದಕ್ಕೆ ಮೊದಲು ಬರುವುದಿಲ್ಲ.

ಅಕ್ಕ